ಫುಶಿಮಿ, ನಾದಾ, ಸೈಜೊ: ಸಾಕೆ ಕುಡಿಯುತ್ತಾ, ತಿನ್ನುತ್ತಾ

ಫೆಬ್ರವರಿಯ ಚಳಿಯಲ್ಲಿ ಜಪಾನಿಗೆ ಹೋಗಿದ್ದು ಬೇಕಂತಲೇ. ಸಾಕೆ, ಅಂದರೆ ಅಕ್ಕಿ ಹುದುಗಿಸಿ ಮಾಡುವ ಜಪಾನಿ ಮದ್ಯ, ಮುಖ್ಯವಾಗಿ ತಯಾರಾಗುವುದು ಚಳಿಗಾಲದಲ್ಲಿ. ಆಗಷ್ಟೇ ಹಿಂಡಿ ತೆಗೆದ ಹೊಸ ಸಾಕೆ ಅಂಗಡಿಗಳಿಗೆ ಬರುವುದೂ ಆಗಲೇ. ಚೆರ್ರಿ ಹೂವಿನ ಕಾಲದ ನೂಕುನುಗ್ಗಲು ಇರುವುದಿಲ್ಲ, ರೂಮಿನ ಬಾಡಿಗೆಯೂ ಕಡಿಮೆ. ಹೆಂಡತಿಯ ತಮ್ಮ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಅವನ ಪುಟ್ಟ ಮನೆಯೇ ನಮ್ಮ ಬಿಡಾರ.

ನಾನು ಕುಂದಾಪುರದವನು, ಮೀನಿಲ್ಲದೆ ಊಟ ಇಳಿಯುವುದಿಲ್ಲ. ಅವಳು ಮೈಸೂರಿನವಳು. ಮೊಟ್ಟೆ ತಿನ್ನುತ್ತಾಳೆ, ಮೀನು, ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಎಲ್ಲಿ ಕೂತರೂ ಒಂದೇ ಸಾಕೆಗೆ ಎರಡು ಬೇರೆ ತಟ್ಟೆ. ರುಚಿ ನೋಡುವ ಕೆಲಸಕ್ಕೆ ಇದು ಅನುಕೂಲವೇ ಆಯಿತು.

ಮೊದಲ ದಿನ: ಫುಶಿಮಿ

ಒಸಾಕಾದಿಂದ ಕೇಹಾನ್ ರೈಲಿನಲ್ಲಿ ಬಂದು ಚುಶೊಜಿಮಾದಲ್ಲಿ ಇಳಿದೆವು. ಇದು ಕ್ಯೋಟೊದ ದಕ್ಷಿಣ ಭಾಗ. ದೇವಸ್ಥಾನ ನೋಡಲು ಬರುವ ಜನ ಇಷ್ಟು ದೂರ ಬರುವುದು ಕಡಿಮೆ. ನಿಲ್ದಾಣದಿಂದ ಐದಾರು ನಿಮಿಷ ನಡೆದರೆ ಕಾಲುವೆ ಸಿಗುತ್ತದೆ. ಅದರ ದಡದಲ್ಲಿ ಕಪ್ಪು ಹಲಗೆಯ ಗೋಡೆಗಳ ಉದ್ದುದ್ದ ಸಾಕೆಮನೆಗಳು. ಹಿಂದೆ ಇಲ್ಲಿಂದ ಪೀಪಾಯಿಗಳು ದೋಣಿಯಲ್ಲಿ ಒಸಾಕಾಗೆ ಹೋಗುತ್ತಿದ್ದವಂತೆ. ಈಗ ಪ್ರವಾಸಿಗಳಿಗಾಗಿ ದೋಣಿ ಬಿಡುತ್ತಾರೆ. ಆದರೆ ಚಳಿಗಾಲಕ್ಕೆ ಅದನ್ನು ನಿಲ್ಲಿಸಿದ್ದರು. ದೋಣಿ ಹತ್ತಲೇಬೇಕು ಅನ್ನುವವರು ಮಾರ್ಚ್ ಕೊನೆಯವರೆಗೆ ಕಾಯಬೇಕು. ಆಗ ಹೊಸ ಸಾಕೆಯ ಜೊತೆ ಜನಜಂಗುಳಿಯನ್ನೂ ಸಹಿಸಿಕೊಳ್ಳಬೇಕು, ಅಷ್ಟೇ.

ಬಾಗಿಲುಗಳ ಮೇಲೆ ಸೀಡರ್ ಎಲೆ ಕಟ್ಟಿದ ದೊಡ್ಡ ಚೆಂಡು ತೂಗುತ್ತಿತ್ತು. ಹೊಸ ಸಾಕೆ ಬಂತು ಎಂದು ಊರಿಗೆ ತಿಳಿಸಲು ಹಸಿರು ಚೆಂಡು ಕಟ್ಟುತ್ತಾರೆ. ತಿಂಗಳು ಕಳೆದಂತೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ನಾವು ಹೋದಾಗ ಇನ್ನೂ ಹಚ್ಚಹಸಿರು.

ಮೊದಲು ಗೆಕ್ಕೆಕಾನ್ ಕಂಪನಿಯ ಮ್ಯೂಸಿಯಂ. ಈ ಮನೆತನ ಸಾಕೆ ಶುರು ಮಾಡಿದ್ದು 1637ರಲ್ಲಿ. ಟಿಕೆಟ್ ಜೊತೆ ಒಂದು ಪುಟ್ಟ ಬಟ್ಟಲು ಮತ್ತು ರುಚಿ ನೋಡುವ ಯಂತ್ರಕ್ಕೆ ಹಾಕಲು ನಾಣ್ಯ ಕೊಟ್ಟರು. ಅಂಗಳದ ಬಾವಿಯ ನೀರನ್ನೂ ಕುಡಿಯಬಹುದು. ಸಾಕೆಗಿಂತ ಮೊದಲು ಆ ನೀರು ಕುಡಿಯಿರಿ ಎಂದು ನನ್ನ ಸಲಹೆ. ಗಂಟಲಲ್ಲಿ ಏನೂ ತಾಗದೆ ಜಾರಿ ಹೋಗುವಂಥ ನೀರು. ಫುಶಿಮಿಯ ಸಾಕೆಯೂ ಹಾಗೇ ಇರುತ್ತದೆ. ಹತ್ತಿರದ ಗೊಕೊನೊಮಿಯಾ ದೇವಾಲಯದಲ್ಲೂ ಇಂಥದ್ದೇ ಒಂದು ಚಿಲುಮೆ ಇದೆ. 862ರಲ್ಲಿ ಅಲ್ಲಿ ಪರಿಮಳದ ನೀರು ಉಕ್ಕಿತು ಎಂಬ ಕಥೆ ಇದೆ. ಜನ ಬಾಟಲಿ ತಂದು ತುಂಬಿಸಿಕೊಂಡು ಹೋಗುತ್ತಿದ್ದರು.

ಸಾಕೆಯ ಅಕ್ಕಿಯನ್ನು ಎಷ್ಟು ಉಜ್ಜಿ ಸಣ್ಣದು ಮಾಡುತ್ತಾರೆ ಎಂದು ನೋಡಿ ಮೊದಲು ಬೇಜಾರಾಯಿತು. ಸಾಕೆಗೆ ಗಿಂಜೊ ಎಂಬ ದರ್ಜೆಯ ಹೆಸರಿಡಬೇಕಾದರೆ ಕಾಳಿನ ಶೇ. 60ಕ್ಕಿಂತ ಜಾಸ್ತಿ ಉಳಿದಿರಬಾರದು. ಅದಕ್ಕೂ ಮೇಲಿನ ದೈಗಿಂಜೊ ಆಗಬೇಕಾದರೆ ಶೇ. 50. ತೌಡೂ ಹಾಳಾಗಬಾರದು ಎಂದು ಕುಚ್ಚಲಕ್ಕಿ ಉಣ್ಣುವ ಊರಿನವನಿಗೆ ಅರ್ಧ ಅಕ್ಕಿಯನ್ನು ಪುಡಿ ಮಾಡಿ ಬಿಡುವುದು ನೋಡಲು ಕಷ್ಟವೇ. ಪುಡಿ ಹಾಳಾಗುವುದಿಲ್ಲ, ಅಕ್ಕಿ ಬಿಸ್ಕತ್ತಿಗೆ ಹೋಗುತ್ತದೆ ಎಂದು ಗೊತ್ತಾದ ಮೇಲೆ ಸಮಾಧಾನ. ಉಜ್ಜಲು ಕಾರಣ ಇದೆ. ಕಾಳಿನ ಹೊರಪದರದಲ್ಲಿ ಕೊಬ್ಬು, ಪ್ರೋಟೀನ್ ಜಾಸ್ತಿ. ಅದು ಹೋದರೆ ಹುದುಗುವಾಗ ಸೇಬು, ಬಾಳೆಹಣ್ಣಿನಂಥ ಪರಿಮಳ ಏಳುತ್ತದೆ. ಹೋಗದಿದ್ದರೆ ಅನ್ನದ, ಸಾರಿನ ಗಟ್ಟಿ ರುಚಿ ಉಳಿಯುತ್ತದೆ. ಹೆಚ್ಚು ಉಜ್ಜಿದ ದುಬಾರಿಯದ್ದೇ ಒಳ್ಳೆಯದು ಎಂದು ಹೋಗುವವರು ಎಡವುವುದು ಇಲ್ಲೇ.

ಮಧ್ಯಾಹ್ನ ಒತೆಸುಜಿ ಮಾರುಕಟ್ಟೆ ಬೀದಿಯ ಪಕ್ಕದ ಒಂದು ಪುಟ್ಟ ತೋಫು ಹೋಟೆಲಿಗೆ ಹೋದೆವು. ಯುದೋಫು, ಅಂದರೆ ಕೊಂಬು ಎಂಬ ಕಡಲ ಪಾಚಿ ಹಾಕಿದ ಬಿಸಿನೀರಲ್ಲಿ ತೋಫು. ಅವಳಿಗೆ ಹೇಳಿ ಮಾಡಿಸಿದ ಊಟ ಅಂದುಕೊಂಡೆವು. ಅದ್ದಿಕೊಳ್ಳುವ ಸಾಸಿನಲ್ಲಿ ಒಣಮೀನಿನ ತುಣುಕಿನ ಸಾರು ಇತ್ತು! ಭಾಮೈದ ಮೂಸಿ ನೋಡಿ ತಡೆದ. ಹೋಟೆಲಿನ ಅಜ್ಜಿ ಎರಡು ಸಲ ತಲೆಬಾಗಿ ಸಾಸು ಒಯ್ದು, ಉಪ್ಪು ಮತ್ತು ಯುಜು ಎಂಬ ನಿಂಬೆಯ ಸಿಪ್ಪೆ ತಂದಿಟ್ಟರು. ಸಸ್ಯಾಹಾರಿಗಳು "ಮೀನಿನ ಸಾರೂ ಬೇಡ, ಕೊಂಬು ಸಾರು ಆಗಬಹುದು" ಎಂದು ಜಪಾನಿಯಲ್ಲಿ ಬರೆಸಿಟ್ಟುಕೊಂಡ ಚೀಟಿ ಜೇಬಲ್ಲಿಟ್ಟುಕೊಳ್ಳಿ. ಬರೀ "ವೆಜಿಟೇರಿಯನ್" ಎಂದರೆ ಸಾರಿನ ವಿಷಯ ಅವರ ತಲೆಗೆ ಹೊಳೆಯುವುದಿಲ್ಲ.

ಆ ಉಪ್ಪು, ಯುಜುವಿನ ತೋಫು ಮತ್ತು ಉಗುರುಬೆಚ್ಚಗಿನ ಜುನ್‌ಮೈ. ಅಕ್ಕಿ, ನೀರು, ಕೋಜಿ ಎಂಬ ಬೂಷ್ಟು ಬಿಟ್ಟು ಬೇರೇನೂ ಸೇರಿಸದೆ ಯೀಸ್ಟಿನಿಂದ ಹುದುಗಿಸಿದ್ದು ಜುನ್‌ಮೈ. ನಲವತ್ತು ಡಿಗ್ರಿಯಷ್ಟು ಬಿಸಿ ಮಾಡಿ ಕೊಟ್ಟಿದ್ದರು. ತೋಫುವಿನಲ್ಲಿ ಅಡಗಿದ್ದ ಸೋಯಾ ಹಾಲಿನ ಸಿಹಿ ಆ ಗುಟುಕಿನಲ್ಲಿ ಮೇಲೆದ್ದು ಬಂತು. "ರೀ, ಇದು ಕುಡಿದ ಹಾಗೇ ಅನ್ನಿಸಲ್ಲ ಅಲ್ವಾ?" ಎಂದಳು. ಅಪಾಯ ಇರುವುದೂ ಅಲ್ಲೇ. ಸಾಕೆಯಲ್ಲಿ ಶೇ. 15-16ರಷ್ಟು ಆಲ್ಕೋಹಾಲ್ ಇರುತ್ತದೆ, ಬಿಯರಿನ ಮೂರು ಪಟ್ಟು.

ಸಂಜೆ, ಬೇರೆ ಬೇರೆ ಪುಟ್ಟ ಹೋಟೆಲುಗಳು ಒಂದೇ ಸೂರಿನಡಿ ಇರುವ ಸಾಕೆ ಓಣಿಗೆ ಹೋದೆವು. ಫುಶಿಮಿಯ ಹದಿನೇಳು ಹದಿನೆಂಟು ಸಾಕೆಮನೆಗಳ ಒಂದೊಂದು ಗುಟುಕನ್ನು ಒಂದೇ ಹಲಗೆಯಲ್ಲಿ ಜೋಡಿಸಿ ಕೊಡುತ್ತಾರೆ. ಮೂರು ಜನಕ್ಕೆ ಒಂದು ಹಲಗೆ ಸಾಕು. ನಾನು ಸಿಹಿ ಮಿಸೊ, ಅಂದರೆ ಹುದುಗಿಸಿದ ಸೋಯಾ ಮುದ್ದೆ, ಹಚ್ಚಿ ಸುಟ್ಟ ಮೀನು ಹೇಳಿದೆ. ಅವಳು ಯುಬಾ, ಅಂದರೆ ಸೋಯಾ ಹಾಲಿನ ಕೆನೆ, ಮತ್ತು ಸಾಕೆ ಹಿಂಡಿದ ಮೇಲೆ ಉಳಿಯುವ ಗಸಿಯಲ್ಲಿ ನೆನೆಸಿಟ್ಟ ಚೀಸ್.

ಪಕ್ಕದಲ್ಲಿ ಒಬ್ಬ ಅಜ್ಜ ಒಂಟಿಯಾಗಿ ಕೂತಿದ್ದರು. ನಾವು ಒಂದೊಂದೇ ಕುಡಿದು ಮಾರ್ಕ್ಸ್ ಹಾಕುವುದನ್ನು ನೋಡುತ್ತಾ ಇದ್ದವರು ಕೊನೆಗೆ ತಡೆಯಲಾಗದೆ ಮಾತಾಡಿದರು. ಭಾಮೈದ ಕನ್ನಡಕ್ಕೆ ತಂದ. "ಭಾವ, ಬರೀ ಸಾಕೆ ಕುಡಿದು ಮಾರ್ಕ್ಸ್ ಹಾಕಬಾರದಂತೆ. ಬಾಯಲ್ಲಿ ತುತ್ತು ಸ್ವಲ್ಪ ಇರೋವಾಗ್ಲೇ ಕುಡೀಬೇಕಂತೆ. ಆಮೇಲೆ ಹೇಳಿ ಅಂತಾರೆ." ಹಾಗೇ ಮಾಡಿದೆವು. ಪಟ್ಟಿ ತಲೆಕೆಳಗಾಯಿತು. ಮೊದಲು ನಾವು ಹೊಗಳಿದ್ದ ಹೂವಿನ ಪರಿಮಳದ ದೈಗಿಂಜೊ, ಮಿಸೊ ಮೀನಿನ ಮುಂದೆ ಸೆಂಟು ಹಾಕಿಕೊಂಡ ನೀರಾಯಿತು. "ಸಪ್ಪೆ" ಎಂದು ಬದಿಗಿಟ್ಟಿದ್ದ ಜುನ್‌ಮೈ ಮೀನಿನ ಜೊತೆ ಎದ್ದು ನಿಂತಿತು. ದೈಗಿಂಜೊಗೆ ಸರಿಬಿದ್ದಿದ್ದು ಏನೂ ಹಾಕದ, ಚಿಟಿಕೆ ಉಪ್ಪಿನ ಯುಬಾ. ಗಸಿಯ ಚೀಸಿಗೆ ಮೋಡದ ಹಾಗೆ ಬೆಳ್ಳಗಿರುವ ನಿಗೊರಿ. ಅಜ್ಜ ಏಳುವಾಗ ನಮ್ಮ ಮೂವರ ಮುಂದೆಯೂ ಒಂದೊಂದು ಲೋಟ ನೀರು ಇಡಿಸಿ ಹೋದರು. ಸಾಕೆಯಷ್ಟೇ ನೀರು ಕುಡಿಯಬೇಕು, ಅದು ಅಲ್ಲಿನ ರೂಢಿ.

ಎರಡನೇ ದಿನ: ನಾದಾ

ಬೆಳಿಗ್ಗೆ ತಲೆ ನೋಯಲಿಲ್ಲ, ಅಜ್ಜನ ನೀರಿನ ಪುಣ್ಯ. ಹಾನ್ಶಿನ್ ರೈಲಿನಲ್ಲಿ ಕೋಬೆ ಕಡೆಗೆ ಹೊರಟೆವು. ಇಲ್ಲಿ ಬೀದಿಗಳು ಚಂದ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ರೊಕ್ಕೊ ಬೆಟ್ಟ, ನಡುವೆ ಹೆದ್ದಾರಿ, ಕಾರ್ಖಾನೆ, ಲಾರಿ. ಹಳೆಯ ಮರದ ಸಾಕೆಮನೆಗಳಲ್ಲಿ ಬಹಳಷ್ಟು 1995ರ ಭೂಕಂಪದಲ್ಲಿ ಬಿದ್ದುಹೋದವು. ಈಗಿರುವುದು ಹೆಚ್ಚಾಗಿ ಕಾಂಕ್ರೀಟು. ಆದರೂ ಜಪಾನಿನಲ್ಲಿ ಅತಿ ಹೆಚ್ಚು ಸಾಕೆ ಮಾಡುವ ಪ್ರಾಂತ್ಯ ಇದೇ ಹ್ಯೋಗೊ. ಸಾಕೆ ಅಕ್ಕಿಗಳ ರಾಜ ಅನ್ನಿಸಿಕೊಂಡ ಯಮಾದಾ ನಿಶಿಕಿಗೆ 1936ರಲ್ಲಿ ಹೆಸರಿಟ್ಟಿದ್ದೂ ಇಲ್ಲೇ.

ಸುಮಿಯೊಶಿ ನಿಲ್ದಾಣದಿಂದ ಹೊರಗೆ ಬಂದೊಡನೆ ಬೆಟ್ಟದ ಗಾಳಿ ನನ್ನ ಕೊಡೆಯನ್ನು ತಿರುವಿ ಹಾಕಿತು. ಎರಡು ಕಡ್ಡಿ ಮುರಿದವು. ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಮುಖಕ್ಕೆ ರಾಚುತ್ತಿತ್ತು. ಇದೇ ಗಾಳಿ ಸಾಕೆಗೆ ವರ ಎಂದು ಭಾಮೈದ ವಿವರಿಸುತ್ತಿದ್ದ. ಅನ್ನ ಆರಿಸಲು, ಹುದುಗನ್ನು ತಣ್ಣಗಿಡಲು ಹಿಂದೆ ಈ ಗಾಳಿಯನ್ನೇ ಒಳಗೆ ಬಿಟ್ಟುಕೊಳ್ಳುತ್ತಿದ್ದರಂತೆ. ಕಿವಿ ಮರಗಟ್ಟಿದಾಗ ಇದನ್ನೆಲ್ಲ ಮೆಚ್ಚಿಕೊಳ್ಳುವುದು ಕಷ್ಟ. ಹಕುತ್ಸುರು ಮ್ಯೂಸಿಯಂ ಒಳಗೆ ಹೋದ ಮೇಲೆ ಜೀವ ಬಂತು. ಅಲ್ಲಿ ಪ್ರವೇಶ ಉಚಿತ. ಅಕ್ಕಿ ತೊಳೆಯುವ, ಬೇಯಿಸುವ, ಕಡೆಯುವ ಆಳೆತ್ತರದ ಬೊಂಬೆಗಳಿವೆ. ಕೆಲಸದ ಕ್ರಮ ಭಾಷೆ ಬಾರದವರಿಗೂ ಅರ್ಥವಾಗುತ್ತದೆ.

ನಾದಾದ ಕಥೆಗಳಲ್ಲಿ ನನಗೆ ಇಷ್ಟವಾದದ್ದು ಯಮಾಮುರಾ ತಾಜಾಎಮೊನ್‌ನದು. ಅವನಿಗೆ ಎರಡು ಊರಲ್ಲಿ ಸಾಕೆಮನೆ, ನಿಶಿನೊಮಿಯಾ ಮತ್ತು ಉಓಜಾಕಿ. ನಿಶಿನೊಮಿಯಾದ ಸಾಕೆಯೇ ಯಾವಾಗಲೂ ಚೆನ್ನ. ಒಂದೇ ಅಕ್ಕಿ ಬಳಸಿ ನೋಡಿದ. ಮೇಸ್ತ್ರಿಗಳನ್ನು ಅದಲುಬದಲು ಮಾಡಿದ. ಫಲ ಇಲ್ಲ. ಕೊನೆಗೆ 1840ರಲ್ಲಿ ನಿಶಿನೊಮಿಯಾದ ಬಾವಿನೀರನ್ನೇ ಉಓಜಾಕಿಗೆ ಹೊರಿಸಿದ. ಅಲ್ಲಿನ ಸಾಕೆಯೂ ಚೆನ್ನಾಯಿತು. ಆ ನೀರೇ ಮಿಯಾಮಿಜು. ಅದರಲ್ಲಿ ಯೀಸ್ಟಿಗೆ ಬೇಕಾದ ಪೊಟ್ಯಾಶಿಯಂ, ರಂಜಕ ಚೆನ್ನಾಗಿವೆ. ಸಾಕೆಯ ಬಣ್ಣ, ವಾಸನೆ ಕೆಡಿಸುವ ಕಬ್ಬಿಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹುದುಗು ಜೋರಾಗಿ ಕೆಲಸ ಮಾಡಿ ಸಿಹಿಯನ್ನೆಲ್ಲ ತಿಂದುಬಿಡುತ್ತದೆ. ಅದಕ್ಕೇ ನಾದಾದ್ದು ಖಡಕ್ ಸಾಕೆ. ಹಿಂದೆ ಇದನ್ನು ಸೀಡರ್ ಪೀಪಾಯಿಗಳಲ್ಲಿ ತುಂಬಿ ಹಡಗಿನಲ್ಲಿ ಎದೊಗೆ, ಅಂದರೆ ಈಗಿನ ಟೋಕಿಯೊಗೆ ಕಳಿಸುತ್ತಿದ್ದರು. ಎದೊ ತಲುಪುವಷ್ಟರಲ್ಲಿ ಮರದ ವಾಸನೆ ಹಿಡಿಯುತ್ತಿತ್ತು. ಅಲ್ಲಿಯವರಿಗೆ ಅದೇ ರುಚಿಯಾಯಿತು.

ಆ ಪೀಪಾಯಿ ಸಾಕೆ ಈಗಲೂ ಸಿಗುತ್ತದೆ. 1659ರಿಂದ ಇರುವ ಕಿಕು ಮಸಾಮುನೆಯ ಮ್ಯೂಸಿಯಂನಲ್ಲಿ ಕುಡಿದೆವು. ಅವಳಿಗೆ ಮೂಗಿಗೇ ಹಿಡಿಸಲಿಲ್ಲ, "ಹೊಸ ಮರದ ಬೀರು ಬಾಗಿಲು ತೆಗೆದ ಹಾಗಿದೆ" ಎಂದಳು. ನನಗೆ ಹಿಡಿಸಿತು. ಅಲ್ಲಿ ಕಿಮೊತೊ ಪದ್ಧತಿ ಬಗ್ಗೆಯೂ ತೋರಿಸುತ್ತಾರೆ. ಹುದುಗಿನ ತಾಯಿಮುದ್ದೆಗೆ ಬೇಡದ ಕ್ರಿಮಿ ಸೇರದಿರಲು ಹುಳಿ ಬೇಕು. ಈಗ ಹೆಚ್ಚಿನವರು ಲ್ಯಾಕ್ಟಿಕ್ ಆಮ್ಲ ಸುರಿದುಬಿಡುತ್ತಾರೆ. ಕಿಮೊತೊದಲ್ಲಿ ಅನ್ನ, ಕೋಜಿಯನ್ನು ಕೋಲಿನಿಂದ ಅರೆದು, ಹುಳಿ ತಾನಾಗಿ ಬರಲು ಕಾಯುತ್ತಾರೆ. ಸಮಯ ಹೆಚ್ಚುಕಡಿಮೆ ಎರಡರಷ್ಟು. ಆ ಹುಳಿ, ಆ ಗಟ್ಟಿತನ ಊಟದ ಜೊತೆ ಲೆಕ್ಕಕ್ಕೆ ಬರುತ್ತದೆ.

ರಾತ್ರಿ ಕೋಬೆಯ ಸನ್ನೊಮಿಯಾದ ಹಿಂದಿನ ಗಲ್ಲಿಯ ಒಂದು ಇಜಾಕಾಯಾ, ಅಂದರೆ ಕುಡಿಯುತ್ತಾ ತಿನ್ನುವ ಹೋಟೆಲು. ಎಂಟು ಜನ ಕೂತರೆ ತುಂಬುವಷ್ಟು ಜಾಗ. ನಾನು ಸಬಾ ಮೀನನ್ನು ಎರಡು ರೀತಿ ಹೇಳಿದೆ. ಸಬಾ ಎಂದರೆ ಬಂಗುಡೆ ಕುಲದ್ದೇ ಮೀನು, ಎಣ್ಣೆ ಜಾಸ್ತಿ. ಒಂದು, ಉಪ್ಪು ವಿನೆಗರಿನಲ್ಲಿ ಇಟ್ಟ ಹಸಿ ತುಂಡು. ಇನ್ನೊಂದು, ಶುಂಠಿ ಹಾಕಿ ಮಿಸೊದಲ್ಲಿ ಬೇಯಿಸಿದ್ದು. ಅವಳಿಗೆ ಮಿಸೊ ಹಚ್ಚಿ ಸುಟ್ಟ ಬದನೆಕಾಯಿ. ಈ ಸಲ ಚೀಟಿ ತೋರಿಸಿ, ಸಾರಿಲ್ಲ ಅಂತ ಖಚಿತ ಮಾಡಿಕೊಂಡೆವು. ಭಾಮೈದ ತಣ್ಣಗಿನ ದೈಗಿಂಜೊ ಒಂದು ಲೋಟ, ಕಿಮೊತೊ ಹೊಂಜೊಜೊ (ಸ್ವಲ್ಪ ಆಲ್ಕೋಹಾಲ್ ಬೆರೆಸಿದ ಸಾಕೆ) ಒಂದು ಹೂಜಿ ಬಿಸಿಯಾಗಿ ಹೇಳಿದ. ಎರಡನೆಯದರ ಬೆಲೆ ಮೊದಲನೆಯದರ ಅರ್ಧ.

ಹೂಜಿಯ ಕುತ್ತಿಗೆ ಹಿಡಿಯಬೇಕು, ಹೊಟ್ಟೆ ಹಿಡಿದರೆ ಬೆರಳು ಸುಡುತ್ತದೆ. ಭಾಮೈದನ ಬೆರಳು ಸುಟ್ಟಿತು. ಮೊದಲ ಗುಟುಕಿಗೆ ಬಿಸಿ ಆವಿ ಮೂಗಿಗೆ ಹೊಡೆಯಿತು. ಎರಡನೆಯದಕ್ಕೆ ಮಿಸೊ ಸಬಾ ಬಾಯಲ್ಲಿತ್ತು. ಮೀನಿನ ಎಣ್ಣೆ ನಾಲಿಗೆಯಿಂದ ಕರಗಿ ಹೋಯಿತು, ಮಿಸೊದ ಉಪ್ಪು ಸಿಹಿಯಾಯಿತು. ಮುಂದಿನ ತುತ್ತಿಗೆ ಬಾಯಿ ಮತ್ತೆ ಖಾಲಿ, ಮತ್ತೆ ಆಸೆ. ವಿನೆಗರಿನ ಸಬಾಗೆ ಅದೇ ಸಾಕೆ ಸ್ವಲ್ಪ ಆರಿದ ಮೇಲೆ ಇನ್ನೂ ಚೆನ್ನಾಗಿತ್ತು. ದೈಗಿಂಜೊ ಹಾಗೇ ಉಳಿಯಿತು. ಕೊನೆಗೆ ಎಲ್ಲ ತಟ್ಟೆ ತೆಗೆದ ಮೇಲೆ ಅದನ್ನು ಬರೀ ಬಾಯಲ್ಲಿ ಕುಡಿದೆವು. ಆಗ ಅದು ಬಹಳ ಚೆನ್ನಾಗಿತ್ತು. ಅದರ ಜಾಗ ಊಟದ ಮೊದಲು, ಇಲ್ಲವೇ ಊಟ ಮುಗಿದ ಮೇಲೆ.

ಮೂರನೇ ದಿನ: ಸೈಜೊ

ಭಾಮೈದ ಆಫೀಸಿಗೆ, ನಾವಿಬ್ಬರೇ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಹಿರೋಶಿಮಾಗೆ. ಅಲ್ಲಿ ಚೀಲ ಇಟ್ಟು ಲೋಕಲ್ ರೈಲಿನಲ್ಲಿ ಸೈಜೊಗೆ ಬಂದೆವು, ಮುಕ್ಕಾಲು ಗಂಟೆಯೊಳಗಿನ ದಾರಿ. ನಿಲ್ದಾಣದಿಂದಲೇ ಕೆಂಪು ಇಟ್ಟಿಗೆಯ ಹೊಗೆಕೊಳವೆಗಳು ಕಾಣುತ್ತವೆ. ಪ್ರತಿ ಕೊಳವೆಯ ಮೇಲೆ ಸಾಕೆಮನೆಯ ಹೆಸರು. ಬಿಳಿಗೋಡೆಯ ಗಲ್ಲಿಗಳಲ್ಲಿ ಏಳು ಸಾಕೆಮನೆಗಳು ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಕಾಲಲ್ಲೇ ಎಲ್ಲ ಸುತ್ತಬಹುದು. ಆದರೆ ಸೋಮವಾರ ಹೋದರೆ ನಮ್ಮ ಹಾಗೆ ಎರಡು ಮೂರು ಮುಚ್ಚಿದ ಬಾಗಿಲು ನೋಡಬೇಕಾಗುತ್ತದೆ. ಶನಿವಾರ, ಭಾನುವಾರ ವಾಸಿ. ಅಕ್ಟೋಬರಿನ ಸಾಕೆ ಹಬ್ಬಕ್ಕೆ ಬಂದರೆ ಕಾಲಿಡಲು ಜಾಗ ಇರುವುದಿಲ್ಲವಂತೆ.

ಸಾಕೆಮನೆಗಳ ಮುಂದೆ ಬಾವಿನೀರಿನ ನಲ್ಲಿಗಳಿವೆ, ಯಾರು ಬೇಕಾದರೂ ಹಿಡಿಯಬಹುದು. ಒಬ್ಬ ಹೆಂಗಸು ಸೈಕಲ್ ಬುಟ್ಟಿಯಲ್ಲಿ ನಾಲ್ಕು ದೊಡ್ಡ ಬಾಟಲಿ ಇಟ್ಟುಕೊಂಡು ತುಂಬಿಸುತ್ತಿದ್ದರು. ಫೋನಿನ ಅನುವಾದದಲ್ಲಿ ಮಾತಾಯಿತು. ಅನ್ನಕ್ಕೆ, ಚಹಾಕ್ಕೆ ಈ ನೀರೇ ಬೇಕು, ಮನೆ ನಲ್ಲಿಯದ್ದು ಆಗುವುದಿಲ್ಲ ಎಂದರು. ಸಾಕೆ ಕುಡಿಯುತ್ತೀರಾ ಎಂದು ಕೇಳಿದೆ. "ಗಂಡ ಕುಡಿಯುತ್ತಾರೆ, ನಾನು ಅಡುಗೆಗೆ ಹಾಕುತ್ತೇನೆ" ಎಂದು ನಕ್ಕರು.

ಹಿರೋಶಿಮಾದ ನೀರು ಮೃದು. ನಾದಾದ ವಿಧಾನ ನಕಲು ಮಾಡಿದಾಗಲೆಲ್ಲ ಇಲ್ಲಿಯ ಸಾಕೆ ಕೆಡುತ್ತಿತ್ತು, ಯೀಸ್ಟಿಗೆ ಆಹಾರ ಸಾಲದೆ. ಹತ್ತಿರದ ಅಕಿತ್ಸುವಿನ ಮಿಉರಾ ಸೆಂಜಾಬುರೊ ಎಂಬಾತ ಕೈಸುಟ್ಟುಕೊಂಡು, ಕೊನೆಗೆ ದಾರಿ ಹುಡುಕಿದ. ಕೋಜಿಯನ್ನು ಅಕ್ಕಿಯ ಒಳಗಿನ ತನಕ ಚೆನ್ನಾಗಿ ಬೆಳೆಸಿ, ಕಡಿಮೆ ಶಾಖದಲ್ಲಿ ನಿಧಾನವಾಗಿ ಹುದುಗಿಸುವುದು. 1898ರಲ್ಲಿ ತನ್ನ ವಿಧಾನವನ್ನು ಮುಚ್ಚಿಡದೆ ಪುಸ್ತಕ ಮಾಡಿ ಹಂಚಿದ. ಸೈಜೊದವರೇ ಆದ ಸತಾಕೆ ಎಂಬುವರು 1896ರಲ್ಲೇ ಯಂತ್ರದಿಂದ ಅಕ್ಕಿ ಉಜ್ಜುವುದನ್ನು ಶುರು ಮಾಡಿದ್ದರು. ಉಜ್ಜಿದ ಅಕ್ಕಿ, ತಣ್ಣಗಿನ ನಿಧಾನದ ಹುದುಗು, ಎರಡೂ ಸೇರಿದ್ದೇ ಗಿಂಜೊ. ನಾನು ಎರಡು ದಿನ ಬೈಯುತ್ತಾ ಬಂದಿದ್ದ ಪರಿಮಳದ ಸಾಕೆಯ ತವರು ಇದು.

ತವರಿನಲ್ಲಿ ಕುಡಿದಾಗ ಸ್ವಲ್ಪ ಮೆತ್ತಗಾದೆ. ಒಂದು ಕಡೆ ಗಿಂಜೊವನ್ನು ವೈನ್ ಗ್ಲಾಸಿನಲ್ಲಿ, ಜಾಸ್ತಿ ತಣ್ಣಗಿಲ್ಲದೆ ಕೊಟ್ಟರು. ಮುಂದೆ ಬರೀ ಉಪ್ಪು, ನಿಂಬೆ ಹಿಂಡಿದ ಬಿಳಿ ಮೀನಿನ ಹಸಿ ಹೋಳು. ಸೋಯಾ ಸಾಸ್ ಕೊಡಲೇ ಇಲ್ಲ. ಹಾಗಿದ್ದರೆ ಗಿಂಜೊ ಸೋಲುವುದಿಲ್ಲ. ಚಿನ್ನದ ಹಾಳೆಯ ಚೂರು ತೇಲುವ ಸಾಕೆಯೂ ಇತ್ತು. ಉಡುಗೊರೆ ಕೊಡಲು ಸರಿ, ನಾಲಿಗೆಗೆ ಚಿನ್ನ ಏನೂ ಹೇಳುವುದಿಲ್ಲ.

ಅವಳ ಗೆಲುವು ಕಾಮೊಇಜುಮಿಯಲ್ಲಿ. ಇವರು ಜುನ್‌ಮೈಗೆ ಹೆಸರಾದವರು. ಇದ್ದಿಲಿನಿಂದ ಸೋಸುವುದಿಲ್ಲ, ಅದಕ್ಕೇ ಇವರ ಸಾಕೆ ತಿಳಿಹಳದಿ. ಕುಡಿದರೆ ಅಣಬೆಯ, ಒಣಎಲೆಯ ವಾಸನೆ. ಮಧ್ಯಾಹ್ನ ಅದೇ ಸಾಕೆ ಇಟ್ಟಿದ್ದ ಒಂದು ಹೋಟೆಲಿನಲ್ಲಿ ಉಪ್ಪು ಹಾಕಿ ಸುಟ್ಟ ಶಿಟಾಕೆ ಅಣಬೆ ಹೇಳಿದಳು. ಬೆಚ್ಚಗಿನ ಸಾಕೆ, ಬಿಸಿ ಅಣಬೆ. ಅವಳು ಮಾತಾಡಲಿಲ್ಲ, ಇನ್ನೊಂದು ತಟ್ಟೆ ಹೇಳಿದಳು. ನನ್ನ ಮುಂದೆ ಬಿಶುನಾಬೆ ಕುದಿಯುತ್ತಿತ್ತು. ಕೋಳಿ, ಹಂದಿ, ಎಲೆಕೋಸು, ಈರುಳ್ಳಿಯನ್ನು ಸಾಕೆ, ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿಯಲ್ಲೇ ಬೇಯಿಸುವುದು. ಸಾಕೆಮನೆಯ ಆಳುಗಳ ಊಟ ಇದು. ಸೋಯಾ ಸಾಸಿನಂಥ ಘಾಟು ಹಾಕುತ್ತಿರಲಿಲ್ಲ, ಅವರ ನಾಲಿಗೆ ಮರುದಿನ ಸಾಕೆ ಪರೀಕ್ಷೆಗೆ ಬೇಕಲ್ಲ. ನಾನಂತೂ ಅವಳ ತಟ್ಟೆಯಿಂದ ಎರಡು ಅಣಬೆ ಕದ್ದೆ.

ನಾಲ್ಕನೇ ದಿನ: ಮಿಯಾಜಿಮಾ

ಹಿರೋಶಿಮಾದಿಂದ ರೈಲು, ಆಮೇಲೆ ಹತ್ತು ನಿಮಿಷದ ದೋಣಿ. ಬಿಸಿಲು ಬಿದ್ದಿತ್ತು. ನೀರಲ್ಲಿ ನಿಂತ ಕೆಂಪು ತೊರಿ ಕಮಾನಿನ ಫೋಟೊ ಎಲ್ಲರೂ ಹಾಕುತ್ತಾರೆ, ಬಿಡಿ. ನಾನು ಹೋಗಿದ್ದು ಅಂಗಡಿಬೀದಿಯಲ್ಲಿ ಚಿಪ್ಪಿನೊಂದಿಗೇ ಸುಡುವ ಸಿಂಪಿಗೆ. ಚಳಿಗಾಲದಲ್ಲಿ ಅವು ದಪ್ಪಗಿರುತ್ತವೆ. ಕೆಂಪು ವೈನಿನ ಜೊತೆ ಕಡಲಿನ ತಿನಿಸು ತಿಂದಾಗ ಹಸಿಮೀನಿನ ವಾಸನೆ ಏಳಲು ವೈನಿನಲ್ಲಿರುವ ಕಬ್ಬಿಣ ಒಂದು ಕಾರಣ. ಸಾಕೆಯವರು ಕಬ್ಬಿಣದ ನೀರನ್ನು ಹತ್ತಿರವೂ ಬಿಡುವುದಿಲ್ಲ. ಹಾಗಾಗಿ ಸಿಂಪಿಯ ಉಪ್ಪುರಸದ ಮೇಲೆ ತಣ್ಣಗಿನ ಜುನ್‌ಮೈ ಸುರಿದುಕೊಂಡರೆ ಸಿಹಿ ಮಾತ್ರ ಉಳಿಯುತ್ತದೆ. ಚಿಪ್ಪಿನಲ್ಲಿ ಉಳಿದ ರಸಕ್ಕೇ ನಾಲ್ಕು ಹನಿ ಸಾಕೆ ಬಿಟ್ಟು ಕುಡಿದೆ. ಅಂಗಡಿಯವರೇ ಹೇಳಿಕೊಟ್ಟಿದ್ದು. ಅವಳಿಗೆ ಮೊಮಿಜಿ ಮಂಜು ಎಂಬ ಪುಟ್ಟ ಕೇಕು, ಎಣ್ಣೆಯಲ್ಲಿ ಕರಿದದ್ದು, ಒಳಗೆ ಸಿಹಿ ಹೂರಣ. ಅದಕ್ಕೆ ನಿಗೊರಿ ಹೊಂದಿತು.

ಫೋಟೊ ತೆಗೆಯಲು ಪುಸ್ತಕ ಬೆಂಚಿನ ಮೇಲಿಟ್ಟಾಗ ಒಂದು ಜಿಂಕೆ ಬಂದು ನಮ್ಮ ಟಿಪ್ಪಣಿಯ ಒಂದೂವರೆ ಪುಟ ತಿಂದುಬಿಟ್ಟಿತು. ಸೈಜೊದ ಕೆಲವು ಸಾಕೆಗಳ ಹೆಸರು ಈ ಬರಹದಲ್ಲಿ ಇಲ್ಲದಿರುವುದಕ್ಕೆ ಅದೇ ಕಾರಣ.

ಊರಿಗೆ ಬರುವಾಗ ಒಬ್ಬರಿಗೆ ಎರಡು ಲೀಟರ್ ತನಕ ಸುಂಕವಿಲ್ಲದೆ ತರಬಹುದು. ಅಂದರೆ 720 ಮಿಲಿಯ ಎರಡೆರಡು ಬಾಟಲಿ. ಕಾಯಿಸದ ನಾಮಾ ಸಾಕೆ ಎಷ್ಟೇ ಆಸೆಯಾದರೂ ಬೇಡ, ಫ್ರಿಜ್ ಇಲ್ಲದೆ ಅದು ಕೆಡುತ್ತದೆ. ನಾವು ತಂದಿದ್ದು ಕಿಮೊತೊ ಮತ್ತು ಆ ಹಳದಿ ಜುನ್‌ಮೈ. ಮನೆಯಲ್ಲಿ ಕಿಮೊತೊವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಬಂಗುಡೆ ಪುಳಿಮುಂಚಿ ಜೊತೆ ಕುಡಿದೆ. ಖಾರ ಎಲ್ಲವನ್ನೂ ನುಂಗಿತು, ಬರೀ ಉರಿ ಉಳಿಯಿತು. ಉಪ್ಪು, ಅರಿಶಿನ ಮಾತ್ರ ಹಚ್ಚಿ ಹುರಿದ ಬಂಗುಡೆಗೆ ಚೆನ್ನಾಗಿ ಹೊಂದಿತು. ಅವಳು ತುಪ್ಪದಲ್ಲಿ ಅಣಬೆ ಹುರಿದು ಜುನ್‌ಮೈ ತೆಗೆದಳು, ಸೈಜೊಗಿಂತ ಒಂದು ಕೈ ಮೇಲೆ ಎಂದು ಅವಳ ತೀರ್ಪು. ಉಳಿದದ್ದನ್ನು ತಮ್ಮ ರಜೆಗೆ ಬರುವವರೆಗೂ ಇಡೋಣ ಎಂದಳು. ಮುಚ್ಚಳ ತೆರೆದ ಸಾಕೆ ಅಷ್ಟು ತಿಂಗಳು ಇರಲ್ಲ ಎಂದೆ. ಆ ವಾರವೇ ಮುಗಿಸಿದೆವು.